ದವಡೆಯ ಸಾಕ್ಷಿ

ಮಾಂಸದ ಮಾರುಕಟ್ಟೆಯಲ್ಲಿ ಅವನನ್ನು ಎಲ್ಲರೂ ಮಚ್ಚಣ್ಣ ಅಂತಲೇ ಕರೆಯುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಅಪ್ಪನ ಕೈಯಿಂದ ಮಚ್ಚು ತೆಗೆದುಕೊಂಡವನು ನಲವತ್ತು ದಾಟಿದರೂ ಅದನ್ನು ಕೆಳಗಿಟ್ಟಿರಲಿಲ್ಲ. ಕುರಿಯ ಬೆನ್ನುಮೂಳೆ ಎಲ್ಲಿ ಒಂದೇ ಏಟಿಗೆ ಬಿರಿಯುತ್ತದೆ, ತೊಡೆಯ ಕೀಲು ಯಾವ ಕಡೆಯಿಂದ ಬಿಟ್ಟುಕೊಳ್ಳುತ್ತದೆ ಅನ್ನುವುದು ಅವನ ಕೈಗೇ ಗೊತ್ತಿತ್ತು, ತಲೆಯನ್ನು ಕೇಳಬೇಕಾಗಿರಲಿಲ್ಲ. ದಿನವಿಡೀ ರಕ್ತದಲ್ಲಿ ಕೈಯಾಡಿಸುವವನು ಅಂಗಡಿಯಾಚೆ ಒಂದು ನಾಯಿಗೂ ಕಲ್ಲೆಸೆದವನಲ್ಲ. ಗಿರಾಕಿ ಬೈದರೆ ನಕ್ಕು, ಇನ್ನೊಂದು ತುಂಡು ಮೇಲೆ ಹಾಕಿ ಕಳಿಸುವ ಮನುಷ್ಯ.

ಆ ಮಂಗಳವಾರ ಬೆಳಗ್ಗೆ ಹತ್ತರ ಹೊತ್ತಿಗೆ ಅವನ ಅಕ್ಕ ಅಂಗಡಿಗೆ ಬಂದಳು. ಬಾಯಿಗೆ ಟವೆಲು ಒತ್ತಿ ಹಿಡಿದಿದ್ದಳು. ಟವೆಲಿನ ಬಣ್ಣ ಯಾವುದಾಗಿತ್ತೋ, ಈಗ ಕೆಂಪು.

"ಏನಾಯ್ತಕ್ಕಾ?"

"ಬಚ್ಚಲಲ್ಲಿ ಜಾರಿ..." ಅಂದವಳು ಅಲ್ಲಿಗೇ ನಿಂತಳು. ಎಂಟು ವರ್ಷದಿಂದ ಹೇಳಿಕೊಂಡು ಬಂದ ಮಾತು. ಕೈ ಬಾತಾಗ, ಕೆನ್ನೆ ಕಂದಿದಾಗ, ಕಿವಿಯ ಹಿಂದೆ ಹೊಲಿಗೆ ಬಿದ್ದಾಗ, ಪ್ರತಿಸಲವೂ ಅದೇ ಬಚ್ಚಲು, ಅದೇ ಜಾರುವಿಕೆ. ತಮ್ಮನೂ ನಂಬಿದಂತೆ ನಟಿಸಿದ್ದ. ಗಂಡಹೆಂಡಿರ ಮಧ್ಯೆ ಬಾಯಿ ಹಾಕಬಾರದು ಅಂತ ದೊಡ್ಡವರು ಹೇಳಿದ್ದನ್ನೇ ಗುರಾಣಿ ಮಾಡಿಕೊಂಡು ಸುಮ್ಮನಿದ್ದ. ಇವತ್ತು ಅವಳು ಅದನ್ನು ಪೂರ್ತಿ ಹೇಳಲಿಲ್ಲ. ಟವೆಲು ತೆಗೆದಳು.

ಮೇಲ್ದುಟಿ ಎರಡಾಗಿ ಸೀಳಿತ್ತು. ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಅರ್ಧಕ್ಕೆ ತುಂಡಾಗಿತ್ತು. ಇನ್ನೊಂದರ ಜಾಗದಲ್ಲಿ ಬರೀ ರಕ್ತದ ಗುಂಡಿ.

ಅವನು ಮಚ್ಚು ಹಿಡಿದುಕೊಂಡೇ ಅವಳತ್ತ ಬರುವಷ್ಟರಲ್ಲಿ ಭಾವ ಒಳಗೆ ನುಗ್ಗಿದ. ಭಾವ ಗೋದಾಮಿನಲ್ಲಿ ಹಮಾಲರ ಮೇಸ್ತ್ರಿ. ಎರಡಾಳು ಎತ್ತುವ ಮೂಟೆಯ ಕಿವಿಯನ್ನು ಹಲ್ಲಲ್ಲಿ ಕಚ್ಚಿ ಎತ್ತಿ ತೋರಿಸಿದ್ದಕ್ಕೆ ಅಲ್ಲಿಯವರು ಅವನಿಗೆ ಉಕ್ಕಿನ ದವಡೆ ಅಂತ ಹೆಸರಿಟ್ಟಿದ್ದರು. ಆಗೆಲ್ಲ ಬಾಟಲಿಯ ಮುಚ್ಚಳ ತೆಗೆಯಲು ಅವನಿಗೆ ಓಪನರ್ ಬೇಕಾಗಿರಲಿಲ್ಲ. ಅವನು ಅಂಗಡಿಯಲ್ಲಿ ನಿಂತಿದ್ದ ಗಿರಾಕಿಗಳನ್ನು ಮೊಣಕೈಯಲ್ಲಿ ಸರಿಸಿ, ಹೆಂಡತಿಯ ಜಡೆಯನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡ.

"ನಡಿ ಮನೆಗೆ. ತವರಿನ ಬಾಗಿಲು ತಟ್ಟೋಕೆ ಬಂದಳು ಮಹಾರಾಣಿ."

"ಭಾವ, ಕೈ ಬಿಡಿ. ಮಾತಾಡೋಣ."

"ನೀನು ಕುರಿ ಕಡಿ. ಇದು ನನ್ನ ಮನೆ ವಿಷಯ."

ಎಳೆದ ರಭಸಕ್ಕೆ ಅಕ್ಕನ ಹಣೆ ತಕ್ಕಡಿಯ ಕಬ್ಬಿಣಕ್ಕೆ ಬಡಿಯಿತು. ತಟ್ಟೆಗಳು ಝಣಝಣ ಅಂದವು. ಅವಳು ಕೂಗಲೂ ಇಲ್ಲ, ಅಭ್ಯಾಸವಾದವಳ ಹಾಗೆ ಕತ್ತು ಒಳಗೆಳೆದುಕೊಂಡಳು. ತಮ್ಮನ ಕಣ್ಣಿಗೆ ಚುಚ್ಚಿದ್ದು ರಕ್ತವಲ್ಲ, ಕತ್ತು ಒಳಗೆಳೆದುಕೊಂಡ ಆ ರೀತಿ. ಮಂದೆಯಿಂದ ಹಿಡಿದು ತಂದ ಕುರಿ ಹಾಗೆ ಮಾಡುತ್ತದೆ.

ಅವನ ಕೈಯಲ್ಲಿ ಮಚ್ಚಿತ್ತು. ಅದನ್ನು ಕೊರಡಿಗೆ ಕಡಿದು ನಿಲ್ಲಿಸಿದ. ಆಮೇಲೆ ಬರಿಗೈ ಮುಷ್ಟಿ ಮಾಡಿ ಭಾವನ ಬಾಯಿಗೆ ಗುದ್ದಿದ.

ಗುದ್ದಿದ ಕೈಗೆ ಆಶ್ಚರ್ಯವಾಯಿತು. ಇಪ್ಪತ್ತು ವರ್ಷ ಮೂಳೆಯ ಜೊತೆ ಬಾಳಿದ ಕೈ ಅದು, ಮೂಳೆ ಎಷ್ಟು ತಿರುಗಿ ಒತ್ತುತ್ತದೆ ಅಂತ ಬಲ್ಲದ್ದು. ಇಲ್ಲಿ ತಿರುಗಿ ಒತ್ತುವುದು ಏನೂ ಇರಲಿಲ್ಲ. ಭಾವ ಜಡೆ ಬಿಟ್ಟು ಮಂಡಿಯೂರಿದ. ಬಾಯಿಯಿಂದ ಹಲ್ಲುಗಳು ಬಿದ್ದವು, ಒಂದು, ಎರಡು, ನಾಲ್ಕು, ಒದ್ದೆ ನೆಲದ ಮೇಲೆ ಕೊಬ್ಬಿನ ಚೂರುಗಳ ನಡುವೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಜಡೆ ಬಿಟ್ಟಾಗಿತ್ತು, ಆಳು ನೆಲಕ್ಕೆ ಬಂದಾಗಿತ್ತು. ಆದರೆ ಮಚ್ಚಣ್ಣನ ಮೈಯಲ್ಲಿ ಏನೋ ಬಿಸಿಯಾಗಿ ಏರಿತ್ತು, ಅದು ಕೋಪಕ್ಕಿಂತ ರುಚಿಯಾಗಿತ್ತು. ಮಂಡಿಯೂರಿದವನ ಕಾಲರ್ ಹಿಡಿದೆತ್ತಿ ದವಡೆಗೆ ಇನ್ನೊಂದು ಹಾಕಿದ. ಒಣಗಿದ ಕಡ್ಡಿ ಮುರಿದಂತೆ ಲಟ್ ಅಂತು. ಭಾವನ ಕೆಳದವಡೆ ಒಂದು ಕಡೆಗೆ ಸರಿದು ನೇತಾಡಿತು. ಎದುರಿನ ಮೀನಂಗಡಿಯವಳು ಕಿರುಚಿದಳು. ಮೂರು ಜನ ಬಂದು ಅವನ ತೋಳಿಗೆ ಜೋತುಬಿದ್ದರು.

ಹಿಡಿದವರ ನಡುವೆ ಏದುಸಿರು ಬಿಡುತ್ತಾ ನಿಂತವನು ನೆಲ ನೋಡಿದ. ಬಿದ್ದ ಹಲ್ಲುಗಳು ಬೇರುಸಮೇತ ಇದ್ದವು. ಒಂದೂ ಮುರಿದಿರಲಿಲ್ಲ. ಒಂದಕ್ಕೂ ಮೂಳೆಯ ಚೂರು ಅಂಟಿರಲಿಲ್ಲ. ಬೇರುಗಳ ಸುತ್ತ ಕಪ್ಪು ಹಸಿರು ಕಿಟ್ಟ ಗಾರೆಯ ಹಾಗೆ ಕಟ್ಟಿತ್ತು.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಒಂದೇ ಪ್ರಶ್ನೆಯನ್ನು ಸುತ್ತಿ ಸುತ್ತಿ ಕೇಳಿದರು. "ಮಚ್ಚಿನ ಹಿಂಬದಿಯಲ್ಲಿ ಹೊಡೆದೆ, ಅಲ್ವಾ?"

"ಇಲ್ಲ ಸಾರ್. ಕೈಯಲ್ಲಿ."

"ಕೈಯಲ್ಲಿ ಹೊಡೆದರೆ ಆರು ಹಲ್ಲು ಬೀಳುತ್ತಾ? ದವಡೆ ಎರಡು ತುಂಡಾಗುತ್ತಾ? ಅದೂ ಆ ದವಡೆ! ಮೂಟೆ ಎತ್ತೋ ದವಡೆ! ನಿನ್ನ ಭಾವ ಆಸ್ಪತ್ರೆಯಿಂದ ಬರೆದು ಕಳಿಸಿದಾನೆ, ಮಚ್ಚಲ್ಲೇ ಹೊಡೆದ ಅಂತ. ಕೈಯಾದರೆ ಒಂದು ಕೇಸು. ಆಯುಧವಾದರೆ ಕೊಲೆಯತ್ನ. ಯೋಚನೆ ಮಾಡಿ ಹೇಳು."

ಯೋಚನೆ ಮಾಡಲು ಏನಿತ್ತು? ನೋಡಿದವರು ಹತ್ತು ಮಂದಿ ಇದ್ದರು. ಸಾಕ್ಷಿಗೆ ಬಾ ಅಂದಾಗ ಒಂಬತ್ತು ಮಂದಿಗೆ ಆ ಹೊತ್ತಿನಲ್ಲಿ ಬೇರೆಲ್ಲೋ ಕೆಲಸವಿತ್ತು. ಮೀನಂಗಡಿಯವಳೊಬ್ಬಳು ಬಂದಳು, ಆದರೆ ಅವಳೂ "ನಾನು ಮೀನು ನೋಡ್ತಿದ್ದೆ, ಕೈಯೋ ಮಚ್ಚೋ ಕಾಣಲಿಲ್ಲ" ಅಂದಳು. ಹದಿನಾರು ದಿನ ಒಳಗಿದ್ದು, ಜಾಮೀನಿನ ಮೇಲೆ ಹೊರಬಂದಾಗ ಅವನ ಅಂಗಡಿಯ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಹಿಂದಿನಿಂದ ಅವನನ್ನು ಮಚ್ಚಣ್ಣ ಅಂತ ಕೂಗಿದರೆ ಅದು ಈಗ ತಮಾಷೆಯಾಗಿ ಕೇಳಿಸುತ್ತಿರಲಿಲ್ಲ.

ಅಕ್ಕ ಅವನ ಮನೆಯಲ್ಲೇ ಇದ್ದಳು. ಅವಳು ಕೊಟ್ಟ ದೂರಿನ ಮೇಲೆ ಇನ್ಸ್‌ಪೆಕ್ಟರು, "ಗಂಡ ಹೊಡೆದ ಅನ್ನೋಕೆ ಏನು ಗುರುತಿದೆಯಮ್ಮಾ? ಇಷ್ಟು ವರ್ಷ ಬಚ್ಚಲು ಅಂತ ನೀವೇ ಆಸ್ಪತ್ರೆ ಚೀಟಿಯಲ್ಲಿ ಬರೆಸಿದೀರಿ" ಅಂದಿದ್ದರು. ಹಾಗಂತ ಅವರು ಕೆಟ್ಟವರೇನಲ್ಲ. ಎರಡು ಬಾಯಿಯ ವಿಷಯವನ್ನೂ ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮನೇ ನೋಡಿ ಹೇಳಲಿ ಅಂತ ಪತ್ರ ಬರೆದರು. ಒಂದು ಬೆಳಗ್ಗೆ ಎಲ್ಲರನ್ನೂ ಅಲ್ಲಿಗೇ ಕರೆಸಿದರು.

ಡಾಕ್ಟರಮ್ಮ ಕುಳ್ಳಗಿನ, ಚುರುಕು ಮಾತಿನ ಹೆಂಗಸು. ಕೋಣೆಯಲ್ಲಿ ಲವಂಗದೆಣ್ಣೆಯ ವಾಸನೆ. ಕುರ್ಚಿಯ ಮೇಲೆ ಭಾವ ಕೂತಿದ್ದ. ಮುರಿದ ದವಡೆಗೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಹಾಕಿದ್ದರು, ಮುಖ ಒಂದು ಬದಿ ಇನ್ನೂ ಊದಿತ್ತು. ಮಾತು ಗೊಣಗೊಣ ಬರುತ್ತಿತ್ತು. ಕಣ್ಣು ಮಾತ್ರ ಹಳೆಯದೇ.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಚ್ಚಿದರು. "ಇದು ಇವರದ್ದು. ಹಲ್ಲಿನ ಬೇರು ಇಷ್ಟುದ್ದ ಇರುತ್ತೆ. ಅದರ ಮುಕ್ಕಾಲು ಭಾಗ ಮೂಳೆಯಲ್ಲಿ ಹೂತಿರಬೇಕು. ಈಗ ನೋಡಿ, ಮೂಳೆಯ ಗೆರೆ ಎಲ್ಲಿದೆ?"

ಇನ್ಸ್‌ಪೆಕ್ಟರು ಬಗ್ಗಿದರು. ಗೆರೆ ಎಲ್ಲೋ ಕೆಳಗೆ, ಬೇರಿನ ತುದಿಯ ಹತ್ತಿರ ಹರಿದ ಬಟ್ಟೆಯಂತೆ ಏರಿಳಿದಿತ್ತು. ದವಡೆ ಮುರಿದ ಕಡೆ ದೊಡ್ಡದೊಂದು ಕಪ್ಪು ಗುಳಿ.

"ಮೂಳೆ ಎಲ್ಲಿ ಹೋಯ್ತು?"

"ಕರಗಿ ಹೋಗಿದೆ. ಹತ್ತು ವರ್ಷದ ಕೆಲಸ. ಹಲ್ಲಿನ ಬುಡದಲ್ಲಿ ಕೊಳೆ ನಿಲ್ಲುತ್ತೆ, ಅದು ಗಟ್ಟಿಯಾಗಿ ಕಿಟ್ಟವಾಗುತ್ತೆ. ಅದರಲ್ಲಿ ಕ್ರಿಮಿಗಳು ಮನೆ ಮಾಡ್ತವೆ. ಒಸಡು ಹಲ್ಲನ್ನ ಬಿಟ್ಟು ಸರಿದು ನಡುವೆ ಜೇಬು ಬೀಳುತ್ತೆ. ಆ ಕ್ರಿಮಿಗಳ ಮೇಲೆ ನಮ್ಮ ಮೈ ಯುದ್ಧ ಹೂಡುತ್ತೆ. ಆ ಯುದ್ಧದಲ್ಲಿ ಸಾಯೋದು ನಮ್ಮ ಮೂಳೆನೇ. ಇವರಿಗೆ ಸಕ್ಕರೆ ಕಾಯಿಲೆ ಇದೆ, ಗೊತ್ತೇ ಇರಲಿಲ್ಲವಂತೆ. ದಿನಕ್ಕೆ ಎರಡು ಪ್ಯಾಕು ಸಿಗರೇಟು. ಹೊಗೆ ಒಸಡಿನ ರಕ್ತನಾಳ ಬಿಗಿದಿಡುತ್ತೆ, ರಕ್ತ ಅಷ್ಟಾಗಿ ಬರಲ್ಲ, ಹಾಗಾಗಿ ರೋಗ ಕಾಣಿಸಲ್ಲ. ಹೊರಗೆ ಉಕ್ಕು, ಒಳಗೆ ಟೊಳ್ಳು."

ಮಚ್ಚಣ್ಣನಿಗೆ ಬಾಯಿ ತಡೆಯಲಿಲ್ಲ. "ಮುದಿ ಕುರಿಗಳಲ್ಲಿ ನೋಡಿದೀನಿ ಡಾಕ್ಟರಮ್ಮಾ. ಹುಲ್ಲು ಕಡಿಯೋಕಾಗದೆ ಸೊರಗಿರ್ತವೆ. ತಲೆ ಸೀಳಿದರೆ ದವಡೆ ಮೂಳೆ ಜರಡಿ ಥರ."

"ಅದೇ ಕಥೆ. ಬಾಯಿ ಬೇರೆ, ಅಷ್ಟೇ."

"ನಾನೇನು ಕುರೀನಾ?" ಭಾವ ಗೊಣಗಿದ.

ಇನ್ಸ್‌ಪೆಕ್ಟರು ಮೀಸೆಯಡಿ ನಗು ನುಂಗಿಕೊಂಡರು. "ಅಂದರೆ ಡಾಕ್ಟ್ರೇ, ಇದಕ್ಕೆ ಮಚ್ಚು ಬೇಕಾಗಿರಲಿಲ್ಲ?"

"ಮಚ್ಚಿನ ಹಿಂಬದಿಯಲ್ಲಿ ಹೊಡೆದಿದ್ದರೂ ಚರ್ಮ ಸೀಳಬೇಕಿತ್ತು, ಸೀಳಿಲ್ಲ. ಗಟ್ಟಿ ದವಡೆಗೆ ಈ ಮನುಷ್ಯ ಹೀಗೆ ಗುದ್ದಿದ್ದರೆ ಇವರ ಬೆರಳೇ ಮುರೀತಿತ್ತು. ಈ ದವಡೆಗೆ ಮುಷ್ಟಿ ಧಾರಾಳವಾಯ್ತು."

ಮಚ್ಚಣ್ಣನ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಆದರೆ ಅದೇ ಗಳಿಗೆಯಲ್ಲಿ ಭಾವನ ಕಣ್ಣು ಮಿನುಗಿತು. ಅವನು ದಡ್ಡನಾಗಿರಲಿಲ್ಲ. ತನ್ನ ವಿರುದ್ಧ ಬಂದ ಮಾತನ್ನೇ ಹಿಡಿದು ಎಳೆದುಕೊಂಡ.

"ಸರಿ ಸಾರ್, ಒಪ್ಪಿದೆ. ರೋಗದ ಹಲ್ಲು ಮುಟ್ಟಿದರೆ ಬೀಳುತ್ತೆ. ಇವಳಿಗೂ ಅದೇ ರೋಗ. ಒಂದೇ ಮನೆ, ಒಂದೇ ತಟ್ಟೆ. ಅವತ್ತು ನಾನು ಸುಮ್ಮನೆ ಹೀಗೆ ದೂಡಿದೆ, ಬಿದ್ದುಹೋಯ್ತು. ನನ್ನ ತಪ್ಪೇನು?"

ಇನ್ಸ್‌ಪೆಕ್ಟರು ಡಾಕ್ಟರಮ್ಮನ ಮುಖ ನೋಡಿದರು. ಮಚ್ಚಣ್ಣನ ಮುಷ್ಟಿ ತಾನಾಗಿ ಬಿಗಿಯಿತು. ಮುದಿ ಕುರಿಯ ಮಾತು ತೆಗೆದು ತಾನೇ ಇವನಿಗೆ ದಾರಿ ತೋರಿಸಿಬಿಟ್ಟೆನಾ ಅಂತ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಡಾಕ್ಟರಮ್ಮ ಮೊದಲ ಎಕ್ಸ್‌ರೇ ತೆಗೆದು ಎರಡನೆಯದನ್ನು ಹಚ್ಚಿದರು.

"ಇದು ಇವರ ಹೆಂಡತಿಯದ್ದು. ಮೂಳೆಯ ಗೆರೆ ನೋಡಿ. ಹಲ್ಲಿನ ಕತ್ತಿನ ತನಕ ತುಂಬಿಕೊಂಡು ನಿಂತಿದೆ. ಇಪ್ಪತ್ತರ ಹುಡುಗಿಯ ಮೂಳೆ ಇದ್ದ ಹಾಗಿದೆ. ಇಂಥಾ ಮೂಳೆಯಿಂದ ಹಲ್ಲು ಬೀಳಲ್ಲ, ಮುರಿಯುತ್ತೆ. ಬಿದ್ದಿದೆ ಅಂತೀರಲ್ಲ ಆ ಹಲ್ಲು, ಅದರ ಬೇರು ಇನ್ನೂ ಒಳಗೇ ಇದೆ, ನಡುವೆ ತುಂಡಾಗಿ. ದೂಡಿದರೆ ಹೀಗಾಗಲ್ಲ. ಮುಷ್ಟಿಯೋ, ಕಬ್ಬಿಣವೋ, ಪೂರ್ತಿ ಜೋರಲ್ಲಿ ಬಂದಿರಬೇಕು."

ಪೆನ್ನಿನ ತುದಿಯನ್ನು ಕೆಳಗೆ ಸರಿಸಿದರು. "ಇಲ್ಲಿ ಕೆಳದವಡೆ ಹಿಂದೊಮ್ಮೆ ಮುರಿದು ವಕ್ರವಾಗಿ ಕೂಡಿದೆ. ಅದು ಹಳೆಯದು, ವರ್ಷಗಳೇ ಆಗಿವೆ. ಇಲ್ಲಿ ಹಿಂದಿನ ಹಲ್ಲಿನ ಬೇರಲ್ಲಿ ಇನ್ನೊಂದು ಬಿರುಕು, ಅದು ಅಷ್ಟು ಹಳೆಯದಲ್ಲ. ಮುಂದಿನದ್ದು ಹೊಸದು. ಬಚ್ಚಲಲ್ಲಿ ಜಾರಿದವರ ಮೂಳೆ ಒಂದು ಸಲ ಮುರಿಯುತ್ತೆ. ಇದು ಬೇರೆ ಬೇರೆ ಕಾಲದ್ದು."

ಆಗ ಅಕ್ಕ ಎದ್ದು ನಿಂತಳು. ಎಕ್ಸ್‌ರೇಯ ಹತ್ತಿರ ಹೋಗಿ, ತನ್ನ ಮನೆಯ ಗೋಡೆಯ ಬಿರುಕು ತೋರಿಸುವವಳಂತೆ ಬೆರಳಿಟ್ಟಳು.

"ಇದು ಮದುವೆಯಾದ ಎರಡನೇ ವರ್ಷ. ಬಾಗಿಲು ತೆಗೆಯೋದು ತಡವಾಯ್ತು ಅಂತ. ಬಾಗಿಲಿನ ಅಗುಳಿಯಲ್ಲೇ ಹೊಡೆದರು. ಒಂದು ತಿಂಗಳು ಗಂಜಿ ಕುಡಿದೆ. ಇದು ಹೋದ ವರ್ಷ, ತಮ್ಮನ ಮನೆಗೆ ಹೇಳದೆ ಹೋಗಿದ್ದಕ್ಕೆ." ಉಸಿರೆಳೆದುಕೊಂಡಳು. "ಇದು ಮಾಂಸ ಬೆಂದಿಲ್ಲ ಅಂತ. ಬೆಂದಿತ್ತು ಸಾರ್. ಇವರಿಗೆ ಅಗಿಯೋಕಾಗ್ತಿರಲಿಲ್ಲ. ಮೂರು ವರ್ಷದಿಂದ ಹಲ್ಲು ಅಲುಗಾಡ್ತಿತ್ತು. ಯಾರೂ ಇಲ್ಲದಾಗ ರೊಟ್ಟಿ ನೀರಲ್ಲಿ ನೆನೆಸಿ ತಿಂತಿದ್ದರು. ಡಾಕ್ಟರ ಹತ್ತಿರ ಹೋಗೋಣ ಅಂದೆ. ಉಕ್ಕಿನ ದವಡೆಗೆ ಡಾಕ್ಟರಾ ಅಂದರು. ಅವತ್ತು ಒಂದು ತುಂಡು ಕಚ್ಚಿದರು, ಹಲ್ಲು ಹೊರಳಿ ರಕ್ತ ಬಂತು. ನಾನು ನೋಡಿಬಿಟ್ಟೆ. ನೋಡಿದ್ದೇ ನನ್ನ ತಪ್ಪು."

"ನೋವಿತ್ತು ನನಗೆ," ಅಂದ ಭಾವ. ದನಿಯಲ್ಲಿ ಮೊದಲ ಸಲ ಅಳುಕಿತ್ತು. "ಒಂದೇ ಸಮನೆ ನೋವು. ಯಾರಿಗೆ ಹೇಳಲಿ?"

ಅಕ್ಕ ತಿರುಗಿ ಅವನನ್ನು ನೋಡಿದಳು. "ಹಲ್ಲು ಗಟ್ಟಿಯಿದ್ದಾಗಲೂ ಹೊಡೀತಿದ್ರಲ್ಲ."

ಇನ್ಸ್‌ಪೆಕ್ಟರು ಬರೆಯುವುದನ್ನು ನಿಲ್ಲಿಸಲಿಲ್ಲ.

ಅದಾಗಿ ಮೂರನೇ ದಿನ ಅಕ್ಕನ ಬಾಯಿಯಲ್ಲಿ ಉಳಿದ ಬೇರನ್ನು ಕೀಳಬೇಕಾಯಿತು. ಕೀವಾಗುವ ಮೊದಲೇ ತೆಗೆಯಬೇಕು ಅಂದಿದ್ದರು ಡಾಕ್ಟರಮ್ಮ. ಮಚ್ಚಣ್ಣ ಪಕ್ಕದಲ್ಲಿ ನಿಂತು ಅವಳ ಕೈ ಹಿಡಿದ. ಮರಗಟ್ಟಿಸುವ ಸೂಜಿ ಒಸಡಿಗೆ ಇಳಿಯಿತು. ಒಸಡನ್ನು ಸಣ್ಣ ಚಾಕುವಿನಲ್ಲಿ ಬಿಡಿಸಿ ಮಡಿಸಿದರು. ಬೇರು ಜಪ್ಪಯ್ಯ ಅನ್ನಲಿಲ್ಲ. ಅಷ್ಟು ಆರೋಗ್ಯದ ಮೂಳೆ ಅದನ್ನು ಕಚ್ಚಿ ಹಿಡಿದಿತ್ತು. ಡಾಕ್ಟರಮ್ಮ ಮೆಲ್ಲಗೆ ಮೂಳೆಯಂಚನ್ನು ಕೊರೆದರು, ಸನಿಕೆಯಂಥ ಸಲಕರಣೆ ಹಾಕಿ ಮೀಟಿದರು, ಮತ್ತೆ ಮೀಟಿದರು. ಅಕ್ಕನ ತಲೆ ಕುರ್ಚಿಗೆ ಒತ್ತಿಹೋಗಿತ್ತು. ಕಣ್ಣಿನ ಕೊನೆಯಿಂದ ನೀರು ಕಿವಿಗಿಳಿಯಿತು. ಆಮೇಲೆ ಕಟ್ ಅಂತ ಸದ್ದು. ದಿನಕ್ಕೆ ನೂರು ಸಲ ಕೇಳುವ ಸದ್ದು. ಆದರೆ ಅದು ಅಕ್ಕನ ಬಾಯಿಯಿಂದ ಬಂದದ್ದೇ ಮಚ್ಚಣ್ಣನಿಗೆ ಕೋಣೆ ತಿರುಗಿತು. ಎಚ್ಚರಾದಾಗ ನೆಲದ ಮೇಲಿದ್ದ, ನರ್ಸಮ್ಮ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು.

"ಕುರಿ ಕಡಿಯೋರು ಇವರೇನಾ?" ಡಾಕ್ಟರಮ್ಮ ಕೇಳಿದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಅಕ್ಕ ನಕ್ಕಳು. ಎಂಟು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ.

ಎದ್ದವನನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಡಾಕ್ಟರಮ್ಮ ಬಾಯಿ ತೆರೆಸಿದರು. ಸಣ್ಣ ಕಡ್ಡಿಯಿಂದ ಒಸಡಿನ ಆಳ ಅಳೆದರು. ಬಾಯಿ ತುಂಬ ರಕ್ತ ಬಂತು.

"ನಿಮಗೂ ಶುರುವಾಗಿದೆ. ಹಲ್ಲುಜ್ಜುವಾಗ ರಕ್ತ ಬರ್ತಿತ್ತಾ?"

"ಬರ್ತಿತ್ತು. ಬ್ರಷ್ ಗಡುಸು ಅಂದುಕೊಂಡಿದ್ದೆ."

"ಎಲ್ಲರೂ ಅದನ್ನೇ ಅಂದುಕೊಳ್ತಾರೆ. ಹೋದ ಮೂಳೆ ತಾನಾಗಿ ವಾಪಸು ಬರಲ್ಲ. ಇರೋದನ್ನ ಉಳಿಸ್ಕೋಬಹುದು. ಒಸಡಿನೊಳಗಿನ ಕಿಟ್ಟ ಕೆರೆದು ತೆಗೀತೀನಿ, ನಾಲ್ಕು ಸಲ ಬರಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ, ತಪ್ಪಿಸೋ ಹಾಗಿಲ್ಲ."

ನ್ಯಾಯಾಲಯದಲ್ಲಿ ವಿಷಯ ಆರು ತಿಂಗಳಿಗೆ ಮುಗಿಯಿತು. ವಕೀಲರು ಮಚ್ಚಣ್ಣನಿಗೆ ಚೆನ್ನಾಗಿ ಪಾಠ ಹೇಳಿಕೊಟ್ಟಿದ್ದರು: ಅಕ್ಕನನ್ನು ಬಿಡಿಸಲು ಹೊಡೆದೆ ಅನ್ನು, ದವಡೆ ಮೊದಲೇ ಹಾಳಾಗಿತ್ತು ಅನ್ನು, ಬಾಯಿ ಮುಚ್ಚು. ಜಡ್ಜು ಕೇಳಿದಾಗ ಅವನು ಅರ್ಧ ಪಾಠ ಒಪ್ಪಿಸಿದ.

"ಮೊದಲನೇ ಏಟು ಅಕ್ಕನ ಜಡೆ ಬಿಡಿಸೋಕೆ ಸ್ವಾಮಿ. ಎರಡನೇದು ಅದಕ್ಕಲ್ಲ. ಆಗ ಅವರು ಮಂಡಿಯೂರಿದ್ದರು. ಹೊಡೆದರೆ ಹಿತವಾಗ್ತಿತ್ತು, ಹೊಡೆದೆ."

ವಕೀಲರು ತಲೆ ಚಚ್ಚಿಕೊಂಡರು. ಮೊದಲನೆಯದಕ್ಕೆ ಬಿಡುಗಡೆ, ಎರಡನೆಯದಕ್ಕೆ ಮೂರು ತಿಂಗಳು. ಭಾವನಿಗೆ ಮೂರು ವರ್ಷ. ಕೊಲೆಯತ್ನದ ಮಾತು ಬಿದ್ದುಹೋಯಿತು. ಮೂರು ತಿಂಗಳನ್ನು ಮಚ್ಚಣ್ಣ ಗೊಣಗದೆ ಮುಗಿಸಿದ. ಒಳಗಿದ್ದಾಗ ತನ್ನ ಮುಷ್ಟಿಯನ್ನು ನೋಡಿಕೊಂಡು, ಆ ಹಿತ ಎಲ್ಲಿ ಅಡಗಿತ್ತು ಅಂತ ಯೋಚಿಸುತ್ತಿದ್ದ. ಭಾವನಿಗೂ ಹೊಡೆಯುವಾಗ ಹಾಗೇ ಆಗುತ್ತಿತ್ತೇನೋ ಅನ್ನುವ ಯೋಚನೆ ಬಂದ ದಿನ ಅವನಿಗೆ ಊಟ ಸೇರಲಿಲ್ಲ. ಆ ಮೂರು ತಿಂಗಳು ಅಂಗಡಿ ನಡೆಸಿದವಳು ಅಕ್ಕ. ಮೊದಮೊದಲು ತುಂಡುಗಳು ಅಡ್ಡಾದಿಡ್ಡಿ ಬರುತ್ತಿದ್ದವಂತೆ, ಆಮೇಲೆ ಗಿರಾಕಿಗಳು ಅವಳ ಕೈಯನ್ನೇ ಕೇಳಿಕೊಂಡು ಬರತೊಡಗಿದರು.

ಜೈಲಿನಿಂದ ಭಾವನನ್ನು ಅದೇ ಡಾಕ್ಟರಮ್ಮನ ಬಳಿಗೆ ಕಳಿಸುತ್ತಿದ್ದರು. ಅವರು ಯಾರ ಬಾಯಿ ಅಂತ ನೋಡದೆ ಕೆಲಸ ಮಾಡಿದರು. ಉಳಿದ ಹಲ್ಲುಗಳ ಕಿಟ್ಟ ತೆಗೆದರು. ಒಸಡು ಬಿಡಿಸಿ, ಬೇರು ಶುದ್ಧ ಮಾಡಿ, ಗುಳಿ ಬಿದ್ದ ಕಡೆ ಮೂಳೆಯ ಪುಡಿ ತುಂಬಿ ಹೊಲಿದರು. ಸಕ್ಕರೆಗೆ ಮಾತ್ರೆ ಕೊಡಿಸಿದರು. "ಸಿಗರೇಟು ಬಿಟ್ಟರೆ ಇದು ಹಿಡಿಯುತ್ತೆ, ಬಿಡದಿದ್ದರೆ ನನ್ನ ಕೆಲಸ ನೀರಿಗೆ" ಅಂದಿದ್ದರಂತೆ. ಒಳಗೆ ಸಿಗರೇಟಿಗೇನು ಬರವೇ? ಪುಡಿ ಹಿಡಿಯಲಿಲ್ಲ, ಕೀವಾಗಿ ಹೊರಬಂತು. ಒಂದೊಂದಾಗಿ ಎಲ್ಲ ಹಲ್ಲೂ ಹೋದವು. ಹಲ್ಲು ಹೋದ ಮೇಲೆ ದವಡೆ ಇನ್ನಷ್ಟು ಸವೆದು ಕಟ್ಟುಹಲ್ಲೂ ನಿಲ್ಲದಂತಾಯಿತು.

ಅವನು ಬಿಡುಗಡೆಯಾದದ್ದು ಇವರಿಗೆ ಗೊತ್ತಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಆ ದಿನ ಮಚ್ಚಣ್ಣ ಒಸಡು ತೋರಿಸಲು, ಅಕ್ಕ ಕಟ್ಟಿಸಿಕೊಂಡ ಮುಂದಿನ ಹಲ್ಲಿನ ಬಿಗಿ ನೋಡಿಸಲು ಬಂದಿದ್ದರು. ಎದುರಿನ ಸಾಲಿನಲ್ಲಿ ಒಬ್ಬ ಮುದುಕ ಕೂತಿದ್ದ. ಮೂಗು ಗದ್ದಕ್ಕೆ ತಾಗುವಷ್ಟು ಮುಖ ಕುಗ್ಗಿತ್ತು. ಅವನು ಅಕ್ಕನನ್ನೇ ನೋಡುತ್ತಿದ್ದ. ಯಾರು ಅಂತ ಮಚ್ಚಣ್ಣನಿಗೆ ಹೊಳೆಯುವಷ್ಟರಲ್ಲಿ ಅವನು ಎದ್ದು ಬಂದು ಮುಂದೆ ನಿಂತ.

ಮಚ್ಚಣ್ಣ ಎದ್ದ. ಅಕ್ಕ ಅವನ ಮೊಣಕೈ ಹಿಡಿದು ಕೂರಿಸಿದಳು.

"ಮನೆಗೆ ಬಾ," ಅಂದ ಭಾವ. ಹಲ್ಲಿಲ್ಲದ ಬಾಯಿಂದ ಗಾಳಿಯೇ ಹೆಚ್ಚು ಬಂತು. ಅದು ಬೇಡಿಕೆಯೋ ಅಪ್ಪಣೆಯೋ ತಿಳಿಯುವಂತಿರಲಿಲ್ಲ. ಬಲಗೈ ಮಾತ್ರ ಹಳೆಯ ಅಭ್ಯಾಸದಿಂದ ಅವಳ ಭುಜದತ್ತ ಚಾಚಿತು.

ಅಕ್ಕ ಕತ್ತು ಒಳಗೆಳೆದುಕೊಳ್ಳಲಿಲ್ಲ. ಆ ಕೈಯನ್ನು ನೋಡಿದಳು, ಕೈ ನಡುದಾರಿಯಲ್ಲೇ ನಿಂತಿತು. ಆಮೇಲೆ ಮುಖ ನೋಡಿದಳು. ಮದುವೆಯಾದಂದಿನಿಂದ ಅವನನ್ನು ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ.

"ನಿನ್ನ ನಂಬರು ಕರೀತಿದಾರೆ," ಅಂದಳು. "ಹೋಗು."

ನರ್ಸಮ್ಮ ಬಾಗಿಲಿಂದ ಇನ್ನೊಮ್ಮೆ ಕೂಗಿದಳು. ಅವನು ಚೀಟಿ ನೋಡಿಕೊಂಡು, ಗೋಡೆ ಹಿಡಿದು ಒಳಗೆ ಹೋದ.

ಅಕ್ಕನ ಕೈ ತಮ್ಮನ ಮೊಣಕೈ ಮೇಲೆ ಇನ್ನೂ ಇತ್ತು. ತಮ್ಮ ಸರದಿ ಬರುವ ತನಕ ಇಬ್ಬರೂ ಹಾಗೇ ಕೂತಿದ್ದರು.